ಬಾರದ ಮಗುವಿನ ಪಾಲು

ಜೂನ್ ೧೧

ಪ್ರೀತಿಯ ಗೂಬೆಗೆ,

ನಿನ್ನ ಕಡ್ಡಿಯ ನಮಸ್ಕಾರಗಳು. ನಿನ್ನ ಪತ್ರ ಬಂದು ಎರಡು ತಿಂಗಳ ಮೇಲಾಯಿತು, ನಾನು ಇವತ್ತು ಪೆನ್ನು ಹಿಡಿದಿದ್ದೇನೆ. ಬೈಯಬೇಡ ಎಂದು ಕೇಳುವುದಿಲ್ಲ, ಬೈದುಕೊಂಡೇ ಓದು. ಫೋನ್ ಮಾಡೋಣವೆಂದರೆ ನೀನು ಕಿವಿಯ ಯಂತ್ರವನ್ನು ಡಬ್ಬಿಯಲ್ಲಿ ಜೋಪಾನವಾಗಿಟ್ಟು ಮನೆಯೆಲ್ಲ ಓಡಾಡುತ್ತೀಯಂತೆ, ನಿನ್ನ ಸೊಸೆಯೇ ಹೇಳಿದಳು. ಕಳೆದ ಸಲ ನಾನು ಹತ್ತು ನಿಮಿಷ ಒಂದೇ ಸಮನೆ ಮಾತಾಡಿ ಮುಗಿಸಿದ ಮೇಲೆ "ಅದೆಲ್ಲ ಇರಲಿ, ಯಾರು ಮಾತಾಡ್ತಿರೋದು?" ಅಂದೆಯಲ್ಲ, ಅವತ್ತೇ ತೀರ್ಮಾನ ಮಾಡಿದೆ, ಇವಳಿಗೆ ಕಾಗದವೇ ಸರಿ ಅಂತ.

ಮೊಮ್ಮಗಳು ಹುಟ್ಟಿದ ಸುದ್ದಿ ಓದಿ ನಮ್ಮ ಮನೆಯವರೂ ನಾನೂ ತುಂಬಾ ಸಂತೋಷಪಟ್ಟೆವು. ಅದಕ್ಕೆ ಆಗಲೇ ಉತ್ತರ ಬರೆಯಬೇಕಿತ್ತು, ಬರೆಯಲಿಲ್ಲ. ಕೆಲಸವಿತ್ತು ಎಂದು ಹೇಳಬಹುದು, ನೀನು ನಂಬುವುದಿಲ್ಲ. ಮಗು ಅಜ್ಜಿಯ ಹಾಗೆಯೇ ಕಣ್ಣು ಪಿಳಿಪಿಳಿ ಬಿಡುತ್ತದೆ ಎಂದು ಹೆಮ್ಮೆಯಿಂದ ಬರೆದಿದ್ದೀಯ. ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ತಾಯಿಯ ಹಾಗಿರಲಿ ಎಂದು ಹಾರೈಸುತ್ತೇನೆ.

ಇಲ್ಲಿ ಎಲ್ಲ ಮಾಮೂಲು. ಇವರು ಅಚ್ಚುಕೂಟದ ಕೆಲಸ ಬಿಟ್ಟು ವರ್ಷಗಳಾದರೂ ಕರಡು ತಿದ್ದುವ ಚಟ ಬಿಟ್ಟಿಲ್ಲ. ಔಷಧಿ ಬಾಟಲಿಯ ಚೀಟಿಯನ್ನೂ ಪೆನ್ಸಿಲ್ ಹಿಡಿದುಕೊಂಡೇ ಓದುತ್ತಾರೆ. ನನಗೆ ಬಲಗಡೆಯ ದವಡೆ ಹಲ್ಲೊಂದು ತುಂಬಾ ದಿನದಿಂದ ಕಾಟ ಕೊಡುತ್ತಿದೆ. ಮನುಷ್ಯರಿಗೆ ಭಯ ಯಾಕೆ ಹುಟ್ಟಿತು, ಅದು ನಮ್ಮ ಪೂರ್ವಜರನ್ನು ಹೇಗೆ ಉಳಿಸಿತು ಎಂದು ಜೀವಮಾನವಿಡೀ ಪಾಠ ಹೇಳಿದವಳಿಗೆ ಹಲ್ಲಿನ ಡಾಕ್ಟರ ಕುರ್ಚಿ ನೆನೆದರೆ ಕೈಕಾಲು ನಡುಗುತ್ತದೆ. ಇವರು ದಿನಾ ಕೇಳುತ್ತಾರೆ, ನಾನು ದಿನಾ ನಾಳೆ ಅನ್ನುತ್ತೇನೆ. ವರ್ಷದ ಕೊನೆಗೆ ನನಗೂ ನಿವೃತ್ತಿ. ವಿಭಾಗದ ನನ್ನ ಕೋಣೆಯನ್ನು ಈಗಿನಿಂದಲೇ ಖಾಲಿ ಮಾಡುತ್ತಿದ್ದೇನೆ. ಹಳೆಯ ನೀಲಿ ತಟ್ಟೆ ಸಿಕ್ಕಿತು ಕಣೇ, ಅಂಚು ಸ್ವಲ್ಪ ಚಕ್ಕೆ ಎದ್ದಿದೆ, ಅಷ್ಟೆ.

ಆ ತಟ್ಟೆಯ ವಿಷಯಕ್ಕೇ ಈ ಕಾಗದ. ನಮ್ಮ ಬಿಸ್ಕತ್ತಿನ ಆಟ ಕೈಕೊಡುತ್ತಿದೆ.

ನೀನು ಮರೆತಿರಲಾರೆ, ಆದರೂ ಮೊದಲಿನಿಂದ ಬರೆಯುತ್ತೇನೆ. ಬರೆಯುತ್ತಾ ಹೋದರೆ ಎಲ್ಲಿ ಎಡವಿದೆವೆಂದು ಹೊಳೆದರೂ ಹೊಳೆಯಬಹುದು. ವಿಶ್ವವಿದ್ಯಾಲಯದ ಶಿಶುವಿಹಾರದ ಮೂಲೆಯ ಕೋಣೆ. ಪುಟ್ಟ ಮೇಜು, ಪುಟ್ಟ ಕುರ್ಚಿಗಳು, ನೀಲಿ ತಟ್ಟೆಯ ತುಂಬ ಕ್ರೀಮ್ ಬಿಸ್ಕತ್ತು. ಐದು ವರ್ಷದ ಮಗುವೊಂದನ್ನು ಕೂರಿಸಿ, ಎದುರಿಗೆ ನಾನು ಕೂತು, "ಇದು ನಿನಗೂ ಇನ್ನೊಂದು ಮಗುವಿಗೂ. ಆ ಮಗು ಇನ್ನೂ ಬಂದಿಲ್ಲ, ಬರುತ್ತೆ" ಎಂದು ಹೇಳಿ ಎದ್ದು ಹೋಗುತ್ತಿದ್ದೆ. ಏಳುವುದೂ ಸುಲಭವಿರಲಿಲ್ಲ. ಆ ಗೇಣುದ್ದದ ಕುರ್ಚಿಯಿಂದ ನಾನು ಮೇಜು ಹಿಡಿದು ಉಸ್ಸಪ್ಪಾ ಎಂದು ಏಳುವುದನ್ನು ನೋಡಿ ನೀನು ಬಾಯಿಗೆ ಕರವಸ್ತ್ರ ತುರುಕಿಕೊಂಡು ನಗುತ್ತಿದ್ದೆ. ಒಂದೇ ಕಡೆಯಿಂದ ಕಾಣುವ ಕನ್ನಡಿಯ ಹಿಂದೆ, ಆ ಕತ್ತಲೆ ಗೂಡಿನಲ್ಲಿ, ಸೋಡಾಬುಡ್ಡಿ ಕನ್ನಡಕ ಹಾಕಿಕೊಂಡು ಅಲ್ಲಾಡದೆ ಕೂತಿರುತ್ತಿದ್ದುದಕ್ಕೇ ಅಲ್ಲವೇ ನಿನಗೆ ಈ ಬಿರುದು ಬಂದದ್ದು.

ಇನ್ನೊಂದು ಮಗು ಬರುತ್ತಲೇ ಇರಲಿಲ್ಲ. ಅಂಥ ಮಗುವೇ ಇರಲಿಲ್ಲ. ಕೂತಿರುವ ಮಗು ಅದರ ಪಾಲನ್ನು ಬಿಡುತ್ತದೋ ಇಲ್ಲವೋ ಎಂದು ನೀನು ಗುರುತು ಹಾಕಿಕೊಳ್ಳುತ್ತಿದ್ದೆ. ಬಹುಪಾಲು ಮಕ್ಕಳು ಬಿಟ್ಟರು. ಆಮೇಲೆ ನಾನು ರಜೆ ಹಾಕಿದ್ದರಿಂದ ಹೋಲಿಕೆಯ ಗುಂಪನ್ನು ನೀನೊಬ್ಬಳೇ ನೋಡಿಕೊಂಡೆ. ಆ ಮಕ್ಕಳಿಗೆ ಇನ್ನೊಂದು ಮಗುವಿನ ಸುದ್ದಿಯನ್ನೇ ಎತ್ತದೆ ಬರೀ ತಟ್ಟೆ ಕೊಟ್ಟೆ, ಅವು ಪುಡಿಯನ್ನೂ ಬಿಡದೆ ತಿಂದು ಮುಗಿಸಿದವು. ಎರಡೂ ಗುಂಪನ್ನು ಪಕ್ಕಪಕ್ಕ ಇಟ್ಟಾಗ ನಮಗೆ ಸ್ವರ್ಗ ಮೂರೇ ಗೇಣು. ಕಣ್ಣಿಗೆ ಕಾಣದ, ಗುರುತಿಲ್ಲದ ಒಂದು ಜೀವಕ್ಕೂ ನ್ಯಾಯ ಸಲ್ಲಬೇಕೆಂಬ ಭಾವನೆ ಯಾರೂ ಹೇಳಿಕೊಡದೆ ಐದನೆಯ ವಯಸ್ಸಿಗೆ ಬಂದಿರುತ್ತದೆ ಎಂದು ಬರೆದೆವು. ದೂರ ಹೋದವರಿಗೆ ಪಾಲು ತೆಗೆದಿಟ್ಟ ಗುಂಪುಗಳು ಉಳಿದವು, ಇಡದ ಗುಂಪುಗಳು ಒಡೆದು ಹೋದವು, ನಾವೆಲ್ಲ ಉಳಿದವರ ಸಂತಾನ ಎಂದು ನಾನು ಮುಂದೆ ಪುಸ್ತಕವನ್ನೇ ಬರೆದೆ. ನನ್ನ ಹುದ್ದೆ, ಹೆಸರು, ಹೋದಲ್ಲೆಲ್ಲ ಸಿಕ್ಕಿದ ಹೂಗುಚ್ಛ, ಎಲ್ಲ ಆ ತಟ್ಟೆಯಿಂದ ಬಂದದ್ದು.

ಕ್ರೀಮ್ ಬಿಟ್ಟ ಹುಡುಗಿ ನೆನಪಿದ್ದಾಳಲ್ಲ? ಬಿಸ್ಕತ್ತನ್ನು ಮೆಲ್ಲಗೆ ಬಿಡಿಸಿ, ಒಣ ಅರ್ಧವನ್ನು ತಾನು ತಿಂದು, ಕ್ರೀಮ್ ಹತ್ತಿದ ಅರ್ಧವನ್ನು ತಟ್ಟೆಗೆ ಇಡುತ್ತಾ ಹೋದವಳು. ಅದನ್ನು ಪೂರ್ತಿ ಪಾಲು ಅನ್ನಬೇಕೋ ಅರ್ಧ ಪಾಲು ಅನ್ನಬೇಕೋ ಎಂದು ನಾವಿಬ್ಬರು ಒಂದು ಇಡೀ ಮಧ್ಯಾಹ್ನ ಕಿತ್ತಾಡಿದೆವು. ತನಗೆ ಸಪ್ಪೆ, ಕಾಣದವರಿಗೆ ಸಿಹಿ. ನನ್ನ ಪುಸ್ತಕದ ಮೊದಲ ಪುಟವೇ ಅವಳು.

ಈಗ ನನ್ನ ಹತ್ತಿರ ಸಂಶೋಧನೆ ಮಾಡುತ್ತಿರುವ ಹುಡುಗಿಯೊಬ್ಬಳಿದ್ದಾಳೆ. ಸಣ್ಣ ದನಿಯಲ್ಲಿ ಚುಚ್ಚುವ ಪ್ರಶ್ನೆ ಕೇಳುತ್ತಾಳೆಂದು ನಾನಿಟ್ಟ ಹೆಸರು ಸೂಜಿ. ಅವಳು ಅದೇ ಆಟವನ್ನು ಮೂರು ಶಿಶುವಿಹಾರಗಳಲ್ಲಿ ಆಡಿಸಿದಳು. ಅದೇ ಮಾತು, ಅಂಥದೇ ತಟ್ಟೆ, ಅದೇ ಎತ್ತರದ ಮೇಜು. ಮಕ್ಕಳು ಎಲ್ಲ ಬಿಸ್ಕತ್ತನ್ನೂ ತಿಂದುಬಿಡುತ್ತಿವೆ. ಇಷ್ಟು ವರ್ಷ ಬೇರೆಯವರು ಬೊಂಬೆ ಇಟ್ಟು, ಫೋಟೋ ತೋರಿಸಿ, ತಮ್ಮ ತಮ್ಮ ರೀತಿಯಲ್ಲಿ ಆಡಿಸಿ ಹೌದು ಹೌದು ಅಂದಿದ್ದರೇ ಹೊರತು ನಾವು ಮಾಡಿದ್ದನ್ನು ಇದ್ದ ಹಾಗೇ ಮಾಡಿ ನೋಡಿದವರು ಇವಳೇ ಮೊದಲು. ನಾನು ಮೊದಮೊದಲು ಈಗಿನ ಮಕ್ಕಳನ್ನು ಬೈದೆ, ಆಮೇಲೆ ಬಿಸ್ಕತ್ತಿನ ಕಂಪನಿಯನ್ನು ಬೈದೆ, ಕೊನೆಗೆ ಅವಳನ್ನೂ ಬೈದೆ. ಹೋಗಿ ಕನ್ನಡಿಯ ಹಿಂದೆ ಕೂತು ನೋಡಿದರೆ ಅವಳ ಕೆಲಸದಲ್ಲಿ ಒಂದು ಕೂದಲಷ್ಟೂ ಲೋಪವಿಲ್ಲ. ಒಬ್ಬ ಹುಡುಗ ತಟ್ಟೆ ಖಾಲಿ ಮಾಡಿ, ಎದ್ದು ಬಂದು, ನನ್ನ ಮುಖದ ಎದುರಿಗೇ ನಿಂತು, ಕನ್ನಡಿ ನೋಡಿಕೊಂಡು ತಲೆ ಬಾಚಿಕೊಂಡ.

ನಿನ್ನೆ ನನ್ನ ಕೋಣೆಗೆ ಬಂದು ಸೂಜಿ ಅತ್ತಳು. "ನನ್ನಲ್ಲೇ ಏನೋ ಸರಿಯಿಲ್ಲ ಮೇಡಂ. ನಾನು ಹೇಳಿದ್ರೆ ಮಕ್ಕಳಿಗೆ ನಂಬಿಕೆ ಬರ್ತಿಲ್ಲ" ಅಂದಳು. ಅವಳ ಪ್ರಬಂಧ ಈ ವರ್ಷ ಒಪ್ಪಿಸಲೇಬೇಕು. ನಮ್ಮ ಮುಖ್ಯಸ್ಥ, ಅದೇ, ಹಿಂದೆ ನನ್ನ ವಿದ್ಯಾರ್ಥಿಯಾಗಿದ್ದವನು, ನನ್ನನ್ನು ಕರೆದು ಕೂರಿಸಿ ಬಹಳ ಮೃದುವಾಗಿ ಹೇಳಿದ: ಪುಸ್ತಕದ ಹೊಸ ಮುದ್ರಣ ಬರುತ್ತಿದೆ, ನೀವು ಗೌರವವಾಗಿ ಹೊರಡುವ ಹೊತ್ತು, ಆ ಹುಡುಗಿಗೆ ಬೇರೆ ವಿಷಯ ಕೊಟ್ಟರಾಯಿತು, ಯಾಕೆ ಸುಮ್ಮನೆ ಕೆದಕುವುದು ಅಂತ.

ಹಾಗಾಗಿ ನನ್ನ ಸ್ಥಿತಿ ಹೀಗಿದೆ ನೋಡು. ಹುಡುಗಿಯ ಕೆಲಸ ಸರಿಯಿಲ್ಲ ಎಂದು ಬರೆದರೆ ಅವಳ ಇಷ್ಟು ವರ್ಷದ ದುಡಿಮೆ ನೀರು ಪಾಲು, ಅದೂ ನನ್ನ ಒಂದು ಸಹಿಯಿಂದ. ನಮ್ಮ ಕೆಲಸ ಸರಿಯಿರಲಿಲ್ಲ ಎಂದು ಬರೆದರೆ ನನ್ನದು, ಜೊತೆಗೆ ನಿನ್ನದೂ. ಬರೆಯಲು ನಾನು ಹಿಂಜರಿಯುವುದಿಲ್ಲ. ಆದರೆ ಯಾಕೆ ಸರಿಯಿರಲಿಲ್ಲ ಎಂದು ಗೊತ್ತಾಗಬೇಡವೇ? ನಾವು ಕಳ್ಳ ಲೆಕ್ಕ ಬರೆದವರಲ್ಲ. ಆ ಮಕ್ಕಳು ಪಾಲು ಬಿಟ್ಟದ್ದು ನಿಜ.

ನೀನು ಕನ್ನಡಿಯ ಹಿಂದೆ ಇದ್ದವಳು. ನನಗೆ ಕಾಣದ್ದೇನಾದರೂ ನಿನಗೆ ಕಂಡಿತ್ತೇ? ಯೋಚನೆ ಮಾಡಿ ಬರೆ. ಆ ವರ್ಷದ ಮಿಕ್ಕ ಮಾತು ಬೇಡ, ಪ್ರಯೋಗದ ಮಾತು ಸಾಕು.

ಮಗುವಿಗೆ ನನ್ನ ಮುತ್ತು. ನಿನ್ನ ಕಿವಿಯ ಯಂತ್ರಕ್ಕೆ ಡಬ್ಬಿಯಿಂದ ಬಿಡುಗಡೆ ಸಿಗಲಿ.

ನಿನ್ನ,
ಕಡ್ಡಿ
(ಕಡ್ಡಿಯಾಗಿ ಉಳಿದಿಲ್ಲ, ಹೆಸರಷ್ಟೇ ಉಳಿದಿದೆ)


ಜುಲೈ ೨

ಪ್ರೀತಿಯ ಗೂಬೆಗೆ,

ನಾನು ತಿಂಗಳುಗಟ್ಟಲೆ ಕಾಯಿಸಿದರೂ ನೀನು ಕೂಡಲೇ ಉತ್ತರ ಬರೆದೆ, ಅದಕ್ಕೆ ನಿನಗೊಂದು ನಮಸ್ಕಾರ. ನಾನು ಮತ್ತೆ ತಡ ಮಾಡಿದೆ, ಅದಕ್ಕೊಂದು ಕ್ಷಮಾಪಣೆ. ಈ ಸಲ ಮಾತ್ರ ಕಾರಣವಿದೆ, ಓದುತ್ತಾ ಹೋಗು.

ನೀನು ಬರೆದದ್ದನ್ನು ಇವರಿಗೂ ಓದಿ ಹೇಳಿದೆ. "ನಾನು ನೋಡುತ್ತಿದ್ದುದು ಮಕ್ಕಳ ಮುಖವನ್ನು, ನಿನ್ನನ್ನಲ್ಲ. ನಿನ್ನ ಬೆನ್ನು ನನ್ನ ಕಡೆಗಿತ್ತು. ಬೆನ್ನಿನಲ್ಲಿ ಅಂಥ ವಿಶೇಷವೇನೂ ಕಾಣಲಿಲ್ಲ" ಎಂದು ಬರೆದಿದ್ದೀಯ. ಓದಿ ನಕ್ಕುಬಿಟ್ಟೆವು. ಆದರೆ ಉತ್ತರ ಅಲ್ಲೇ ಇತ್ತು ಕಣೇ. ನಾವಿಬ್ಬರೂ ಅದನ್ನು ದಾಟಿ ಹೋದೆವು.

ಹಲ್ಲು ಇನ್ನು ತಡೆಯಲಾಗದಷ್ಟು ನೋಯಲು ಶುರುವಾಯಿತು. ಒಂದು ಬೆಳಿಗ್ಗೆ ಇವರು ನನ್ನ ಚಪ್ಪಲಿಯನ್ನು ಬಾಗಿಲ ಹತ್ತಿರ ಜೋಡಿಸಿಟ್ಟು, ಕೊಡೆ ಕೈಗೆ ಕೊಟ್ಟು, ನಡಿ ಅಂದರು. ನಮ್ಮ ಬೀದಿಯ ಕೊನೆಗೆ, ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ ಹೊಸ ದವಾಖಾನೆ. ಡಾಕ್ಟರು ಹೆಂಗಸು, ನಲವತ್ತರ ಒಳಗಿನವಳು, ದುಂಡು ಕೆನ್ನೆ, ನಗುಮುಖ. ನನ್ನನ್ನು ಕುರ್ಚಿಯಲ್ಲಿ ಮಲಗಿಸಿ, ದೀಪ ಬಾಯಿಗೆ ತಿರುಗಿಸಿ, ಸೂಜಿಮದ್ದು ಕೊಟ್ಟು, ಕೆನ್ನೆಯ ಒಳಗೆ ಹತ್ತಿ ತುಂಬಿ, ಎಂಜಲು ಎಳೆಯುವ ಕೊಳವೆಯನ್ನು ತುಟಿಗೆ ಸಿಕ್ಕಿಸಿದಳು. ಇನ್ನು ನಾನು ಮಾತಾಡಲಾರೆ ಎಂದು ಖಾತ್ರಿಯಾದ ಮೇಲೆಯೇ ಅವಳು ಮಾತು ತೆಗೆದದ್ದು.

"ಮೇಡಂ, ನಿಮ್ಮ ಹೆಸರು ನೋಡಿದಾಗಿಂದ ಯೋಚನೆ ಮಾಡ್ತಿದ್ದೆ. ನೀವು ಬಿಸ್ಕತ್ತಿನ ಮೇಡಂ ಅಲ್ವಾ?"

ನಾನು ಕಣ್ಣರಳಿಸಿದೆ, ಇನ್ನೇನು ಮಾಡಲಿ. ಅವಳು ಶಿಶುವಿಹಾರದ ದೊಡ್ಡ ಟೀಚರ ಮಗಳಂತೆ. ದೊಡ್ಡ ಟೀಚರ್ ನೆನಪಿದ್ದಾರಲ್ಲ ನಿನಗೆ, ದಿನಾ ನಮಗೆ ಕೋಣೆಯ ಬೀಗದ ಕೈ ಕೊಡುವಾಗ ಮಕ್ಕಳಿಗೆ ಜಾಸ್ತಿ ಸಿಹಿ ತಿನ್ನಿಸಬೇಡಿ ಅನ್ನುತ್ತಿದ್ದವರು. ಈಗ ಅವರಿಲ್ಲವಂತೆ. ಆ ವರ್ಷವೇ ಅವರಿಗೆ ವರ್ಗವಾಗಿ ಬೇರೆ ಊರಿಗೆ ಹೋದರಂತೆ. ಅಮ್ಮ ಆಗಾಗ ನಿಮ್ಮ ಆಟದ ಮಾತೆತ್ತಿ ನಗುತ್ತಿದ್ದರು, ಅದಕ್ಕೇ ನನಗೂ ಚೆನ್ನಾಗಿ ನೆನಪು ಉಳಿದಿದೆ ಎಂದಳು. ಹಲ್ಲು ಕೊರೆಯುತ್ತಲೇ ಹೇಳುತ್ತಿದ್ದಾಳೆ, ಯಂತ್ರ ಗುಂಯ್ ಎನ್ನುತ್ತಿದೆ, ನನಗೆ ಅರ್ಧ ಕೇಳಿಸುತ್ತದೆ ಅರ್ಧ ಇಲ್ಲ. ಆಮೇಲೆ ಯಂತ್ರ ನಿಲ್ಲಿಸಿದಳು.

"ನಾನು ಬಿಸ್ಕತ್ತು ಬಿಡಿಸಿ ಒಣಗಿದ್ದ ಭಾಗ ತಿಂದು, ಕ್ರೀಮ್ ಇದ್ದ ಭಾಗ ಇಟ್ಟಿದ್ದೆ ಮೇಡಂ. ನಿಮಗೆಲ್ಲಿ ನೆನಪಿರುತ್ತೆ."

ನೆನಪಿರುತ್ತದೆಯೇ! ನಾನು ಕುರ್ಚಿಯಿಂದ ಏಳಲು ಹೋದೆ. ಅವಳು ಭುಜ ಒತ್ತಿ ಮಲಗಿಸಿದಳು. ನನ್ನ ಮೊದಲ ಪುಟ ನನ್ನ ಬಾಯೊಳಗೆ ಕನ್ನಡಿ ಹಿಡಿದುಕೊಂಡು ನಿಂತಿದೆ ಗೂಬೆ, ನಾನು ಆ ಎನ್ನಲೂ ಆರದೆ ಬಿದ್ದಿದ್ದೇನೆ. ಯಾಕೆ ಎಂದು ಕೈಸನ್ನೆಯಲ್ಲೇ ಕೇಳಿದೆ. ಕ್ರೀಮ್ ಯಾಕೆ ಬಿಟ್ಟೆ?

ಅವಳಿಗೆ ನಗು ಬಂತು. "ನಿಮ್ಮ ಪಾಪುಗೆ ಹಲ್ಲಿರಲ್ವಲ್ಲ ಮೇಡಂ. ಒಣ ಬಿಸ್ಕತ್ತು ಹೇಗೆ ಅಗಿಯುತ್ತೆ? ಕ್ರೀಮ್ ಆದ್ರೆ ಚೀಪಬಹುದು ಅಂತ."

ಒಂದು ಗಳಿಗೆ ನನಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಅವಳು ತನ್ನ ಪಾಡಿಗೆ ತಾನು ಹೇಳುತ್ತಾ ಹೋದಳು. ಹೊರಗೆ ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದ ಮಕ್ಕಳಿಗೆಲ್ಲ ಆಡಿ ಬಂದವರು ಗುಟ್ಟಾಗಿ ಹೇಳುತ್ತಿದ್ದರಂತೆ, ಮೇಡಮ್ಮನ ಹೊಟ್ಟೆಯೊಳಗೆ ಪಾಪು ಇದೆ, ಅದು ಬಂದ ಮೇಲೆ ತಿನ್ನುತ್ತೆ, ಅದಕ್ಕೆ ಇಡಬೇಕು ಅಂತ. ನನ್ನ ಹೊಟ್ಟೆ ಮೇಜಿಗೆ ತಗಲುತ್ತಿತ್ತಂತೆ. ಆಮೇಲೆ ಅವಳು ಕೇಳಿದಳು, ಪಾಪು ಬಂತಾ ಮೇಡಂ, ಊರು ಬಿಟ್ಟ ಮೇಲೆ ನನಗೆ ಎಷ್ಟೋ ದಿನ ಅದೇ ಯೋಚನೆ. ನನ್ನ ಬಾಯಲ್ಲಿ ಹತ್ತಿ, ಕೊಳವೆ, ಅವಳ ಬೆರಳು. ನಾನು ತಲೆಯಾಡಿಸಿದೆ. ಅವಳು ಸಂತೋಷಪಟ್ಟು ಮತ್ತೆ ಯಂತ್ರ ಹಚ್ಚಿದಳು.

ಈಗ ಹೇಳು. ಏಳು ತಿಂಗಳ ಬಸುರಿಯೊಬ್ಬಳು ಐದು ವರ್ಷದ ಮಗುವಿನ ಮುಂದೆ ಹೊಟ್ಟೆ ಹೊತ್ತು ಕೂತು "ಇನ್ನೊಂದು ಮಗು ಇನ್ನೂ ಬಂದಿಲ್ಲ, ಬರುತ್ತೆ" ಎಂದು ಹೇಳಿದರೆ ಅದು ಯಾವ ಮಗು ಎಂದು ತಿಳಿಯಬೇಕು? ಕಾಣದ ಜೀವ ಅಂತೆ! ಅವುಗಳ ಕಣ್ಣೆದುರಿಗೇ ಇತ್ತು. ಅವು ಯಾರೋ ಗುರುತಿಲ್ಲದವರಿಗೆ ಪಾಲು ಇಡಲಿಲ್ಲ, ನನ್ನ ಮಗುವಿಗೆ ಇಟ್ಟವು. ಹೋಲಿಕೆಯ ಗುಂಪಿನ ಮುಂದೆ ಕೂತವಳು ನೀನು, ಗರಿಕೆಯ ಹಾಗಿದ್ದವಳು. ಬರುವ ಮಗುವಿನ ಮಾತೂ ಇಲ್ಲ, ಬರುವ ಮಗುವೂ ಇಲ್ಲ. ಇನ್ನು ಎರಡು ಗುಂಪಿಗೆ ವ್ಯತ್ಯಾಸ ಬಾರದೆ ಇರುತ್ತದೆಯೇ?

ನಗು ಬರುವುದು ಯಾವುದಕ್ಕೆ ಗೊತ್ತೇ? ನಾವು ಏನನ್ನೂ ಬಿಟ್ಟಿರಲಿಲ್ಲ. ಲೇಖನದಲ್ಲಿ ಮೇಜಿನ ಎತ್ತರ ಬರೆದೆವು, ತಟ್ಟೆಯ ಬಣ್ಣ ಬರೆದೆವು, ಕಿಟಕಿ ಯಾವ ದಿಕ್ಕಿಗಿತ್ತು ಎಂದು ಬರೆದೆವು. ಪ್ರಯೋಗ ನಡೆಸುವವರು ಮಕ್ಕಳ ಗಮನ ಸೆಳೆಯದ ಸಾದಾ ಬಟ್ಟೆ ಹಾಕಿದ್ದರು ಎಂದೂ ಬರೆದೆವು! ಆ ಸಾದಾ ಬಟ್ಟೆಯನ್ನು ಎರಡು ಸಲ ಬಿಚ್ಚಿ ಅಗಲ ಮಾಡಿ ಹೊಲಿದುಕೊಟ್ಟವಳು ನೀನೇ. ನಮ್ಮಿಬ್ಬರಿಗೂ ಅದು ಪ್ರಯೋಗದೊಳಗಿನ ವಸ್ತುವಾಗಿ ಕಾಣಲೇ ಇಲ್ಲ. ಅದು ನನ್ನ ಮನೆಯ ವಿಷಯವಾಗಿತ್ತು.

ಎಂಟನೆಯ ತಿಂಗಳಲ್ಲಿ ಮಗು ಹೋಯಿತು. ನೋಡು, ಬರೆದೇ ಬಿಟ್ಟೆ. ನೀನೂ ನಾನೂ ಇಷ್ಟು ವರ್ಷದಲ್ಲಿ ಈ ನಾಲ್ಕು ಪದವನ್ನು ಒಬ್ಬರಿಗೊಬ್ಬರು ಹೇಳಿಕೊಂಡಿಲ್ಲ. ನೀನು ಆಸ್ಪತ್ರೆಗೆ ಬಂದು ನನ್ನ ತಲೆ ಬಾಚಿ ಹೋದೆ, ಮಾತಾಡಲಿಲ್ಲ. ನಾನು ಮತ್ತೆ ವಿಭಾಗಕ್ಕೆ ಬಂದಾಗ ಲೆಕ್ಕವೆಲ್ಲ ಮುಗಿಸಿ ಮೇಜಿನ ಮೇಲಿಟ್ಟಿದ್ದೆ. ಆ ಕೋಣೆಗೆ ಮತ್ತೆ ನಾನು ಕಾಲಿಡದೇ ಇರಲಿ ಎಂದು ಉಳಿದ ಮಕ್ಕಳನ್ನೆಲ್ಲ ನೀನೇ ನೋಡಿ ಮುಗಿಸಿದ್ದೆ ಎಂದು ನನಗೆ ಆಗಲೂ ಗೊತ್ತಿತ್ತು. ಅಂಥ ಪ್ರೀತಿಯಿಂದಲೇ ನಮ್ಮ ಲೆಕ್ಕ ಕೆಟ್ಟದ್ದು ಎಂದು ಈಗ ತಿಳಿದರೆ ನಾನು ನಿನ್ನ ಮೇಲೆ ಕೋಪ ಮಾಡಿಕೊಳ್ಳಲೇ?

ಮರುದಿನ ಬೆಳಿಗ್ಗೆ ಸೂಜಿಯನ್ನು ಕೂರಿಸಿ ಎಲ್ಲ ಹೇಳಿದೆ. ಅರ್ಧ ಮುಖ ಇನ್ನೂ ಊದಿಕೊಂಡಿತ್ತು, ಮಾತು ತೊದಲುತ್ತಿತ್ತು, ಬಹುಶಃ ಅದಕ್ಕೇ ಅಳು ಬರಲಿಲ್ಲ. ಅವಳು ಹೆದರಿ ಹೆದರಿ, ಒಂದು ದಿಂಬು ಕಟ್ಟಿಕೊಂಡು ಹೋಗಿ ಮತ್ತೆ ಆಡಿಸಿ ನೋಡಲೇ ಎಂದು ಕೇಳಿದಳು. ನನಗೆ ನಗು ತಡೆಯಲಾಗಲಿಲ್ಲ, ಹಲ್ಲು ನೋವೆಂದು ಚೀರಿದರೂ ನಕ್ಕೆ. ಬೇಡ ಎಂದೆ, ಮಕ್ಕಳಿಗೆ ದಿಂಬು ತೋರಿಸಿ ಪಾಪು ಅನ್ನಬಾರದು. ಅವಳು ಅಷ್ಟಕ್ಕೆ ಬಿಡುವವಳೇ? ಮೂರೇ ದಿನದಲ್ಲಿ, ನಿಜವಾಗಿ ಬಸುರಿಯಾಗಿರುವ ಒಬ್ಬ ಟೀಚರನ್ನು ಹುಡುಕಿ ಒಪ್ಪಿಸಿ ಬಂದಿದ್ದಾಳೆ. ಮಕ್ಕಳು ಯಾರಿಗೆ ಪಾಲು ಇಡುತ್ತಾರೆ, ಯಾರು ಬರುತ್ತಾರೆಂದು ನಂಬಿದರೆ ಇಡುತ್ತಾರೆ ಎಂಬುದೇ ಅವಳ ಹೊಸ ಪ್ರಶ್ನೆ. ನಮ್ಮದಕ್ಕಿಂತ ಒಳ್ಳೆಯ ಪ್ರಶ್ನೆ. ಪ್ರಬಂಧ ಒಪ್ಪಿಸಲು ಅವಳಿಗೆ ಆರು ತಿಂಗಳು ಹೆಚ್ಚಿಗೆ ಕೊಡಿಸಿದ್ದೇನೆ. ಮುಖ್ಯಸ್ಥನ ಮುಖ ಹುಳ್ಳಗಾಗಿದೆ, ಆದರೆ ಕಾಗದಕ್ಕೆ ಸಹಿ ಹಾಕಿದ. ಹೊಸ ಮುದ್ರಣವನ್ನು ನಿಲ್ಲಿಸಲು ಪ್ರಕಾಶಕರಿಗೂ ತಿಳಿಸಿದೆ. ಅವರು ಯಾಕೆ ಎಂದು ಕೇಳಿದರು, ಮೊದಲ ಪುಟವನ್ನು ತೆಗೆಯಬೇಕು ಎಂದೆ. ಒಂದೇ ಪುಟ ತಾನೇ ಎಂದರು. ಅದನ್ನು ತೆಗೆದರೆ ಮಿಕ್ಕಿದ್ದೂ ನಿಲ್ಲುವುದಿಲ್ಲ ಎಂದು ಹೇಳುವುದಕ್ಕೆ ಸ್ವಲ್ಪ ಧೈರ್ಯ ಬೇಕಾಯಿತು.

ಇನ್ನು ಉಳಿದಿರುವುದು ನಮ್ಮ ಲೇಖನ ಬಂದಿದ್ದ ಪತ್ರಿಕೆಗೆ ತಿದ್ದುಪಡಿ ಕಳಿಸುವುದು. ಒಂದೇ ಪುಟ. ಅದನ್ನು ಬರೆಯಲು ನಾನು ವಾರವೆಲ್ಲ ಒದ್ದಾಡಿದೆ. "ಮೊದಲ ಗುಂಪಿನ ಪ್ರಯೋಗ ನಡೆಸಿದವರು ಆಗ ಗರ್ಭಿಣಿಯಾಗಿದ್ದರು, ಮಕ್ಕಳಿಗೆ ಅದು ಕಾಣುತ್ತಿತ್ತು" ಎಂಬ ಒಂದು ಸಾಲು, ಅಷ್ಟೆ. ಬರೆದು ಇವರ ಮುಂದೆ ಇಟ್ಟೆ. ಬೇರೆ ಏನೂ ಹೇಳಲಿಲ್ಲ, ನೋಡಿಕೊಡಿ ಎಂದೆ.

ಇವರು ಊಟದ ಮೇಜಿನ ಹತ್ತಿರ, ಕಿಟಕಿಯ ಬೆಳಕಿಗೆ ಕೂತು, ಎಂದಿನಂತೆ ಪೆನ್ಸಿಲ್ ಹಿಡಿದು ಓದಿದರು. ಮೇಲಿನಿಂದ ಕೆಳಗಿನವರೆಗೆ ಓದಿ ಒಂದು ಅಲ್ಪವಿರಾಮ ಹಾಕಿದರು. ಮತ್ತೆ ಆ ಸಾಲಿಗೆ ಬಂದು ನಿಂತರು. ನಾನು ತರಕಾರಿ ಹೆಚ್ಚುತ್ತಾ ನಿಂತಿದ್ದೆ, ಹೆಚ್ಚಿದ್ದನ್ನೇ ಮತ್ತೆ ಹೆಚ್ಚುತ್ತಿದ್ದೆ. ನಮ್ಮ ಮದುವೆಯಾಗಿ ಇಷ್ಟು ವರ್ಷದಲ್ಲಿ ಆ ಮಗುವಿನ ಮಾತು ಈ ಮನೆಯೊಳಗೆ ಬಂದೇ ಇಲ್ಲ ಕಣೇ. ನಾನು ಅಳುತ್ತೇನೆಂದು ಅವರು ಎತ್ತಲಿಲ್ಲ, ಅವರು ನೊಂದಾರೆಂದು ನಾನು ಎತ್ತಲಿಲ್ಲ. ಆಮೇಲೆ ಬೇರೆ ಮಗುವೂ ಆಗಲಿಲ್ಲ, ಮಾತೂ ಆಗಲಿಲ್ಲ.

ಗರ್ಭಿಣಿ ಎಂಬ ಪದದ ಹಿಂದೆ ಒಂದು ಗುರುತು ಹಾಕಿ, ಅಂಚಿನಲ್ಲಿ ಅವರ ಆ ಮುತ್ತಿನಂಥ ಅಕ್ಷರದಲ್ಲಿ "ಏಳು ತಿಂಗಳ" ಎಂದು ಸೇರಿಸಿದರು.

"ತಿಂಗಳೂ ಬರಿ. ಇದ್ದಷ್ಟು ದಿನ ಇತ್ತಲ್ಲ" ಅಂದರು.

ಕಾಗದ ನನ್ನ ಕೈಗೆ ಕೊಟ್ಟು ಎದ್ದು ಹೋಗಿ ಕೈತೋಟದಲ್ಲಿ ಗಿಡಗಳಿಗೆ ನೀರು ಹಾಕಿದರು. ಆಗತಾನೆ ಮಳೆ ನಿಂತಿತ್ತು, ನೀರಿನ ಅಗತ್ಯವೇನೂ ಇರಲಿಲ್ಲ. ನಾನೂ ಹೋಗಿ ಪಕ್ಕದಲ್ಲಿ ನಿಂತೆ. ಬಕೆಟ್ಟಿನ ಹಿಡಿಕೆಯನ್ನು ಇಬ್ಬರೂ ಹಿಡಿದುಕೊಂಡೆವು.

ಆ ಪುಟವನ್ನು ಇದರ ಜೊತೆಗೇ ಇಟ್ಟಿದ್ದೇನೆ. ಎರಡು ಹೆಸರಿನ ಲೇಖನ, ಎರಡು ಸಹಿ ಬೇಕು. ನಿನಗೆ ಒಪ್ಪಿಗೆ ಇಲ್ಲದಿದ್ದರೆ ನಾನು ಕಳಿಸುವುದಿಲ್ಲ, ಇದು ಮನಸ್ಸಿನಿಂದ ಹೇಳುವ ಮಾತು. ಆದರೆ ನಿನ್ನನ್ನು ನಾನು ಬಲ್ಲೆ. ನೀನು ಓದಿ, ಕನ್ನಡಕ ಒರೆಸಿಕೊಂಡು, ನನ್ನನ್ನು ನಾಲ್ಕು ಬೈದು ಸಹಿ ಹಾಕುತ್ತೀಯ. ಪದ ಮಾತ್ರ ಬದಲಾಯಿಸಬೇಡ, ಇವರು ಒಪ್ಪುವುದಿಲ್ಲ.

ನನ್ನ ಬಗ್ಗೆ ಚಿಂತೆ ಬೇಡ. ಆ ತಟ್ಟೆಯ ಮೇಲೆ ಕಟ್ಟಿದ ದೊಡ್ಡ ಮನೆಯೇನೋ ಬಿತ್ತು, ಆದರೆ ನಾನು ಅದರ ಒಳಗಿರಲಿಲ್ಲ ಅನ್ನಿಸುತ್ತಿದೆ. ಕೋಣೆ ಖಾಲಿ ಮಾಡುವುದೂ ಹಗುರವಾಯಿತು. ನೀಲಿ ತಟ್ಟೆಯನ್ನು ಸೂಜಿಗೆ ಕೊಟ್ಟೆ. ಅವಳು ಅದನ್ನು ತಿದ್ದುಪಡಿಯ ಕಾಗದದಲ್ಲೇ ಸುತ್ತಿಕೊಂಡು ಹೋದಳು, ಇವರು ಗುರುತು ಹಾಕಿದ ಕರಡಲ್ಲ, ನಾನು ಹರಿದು ಎಸೆದಿದ್ದರಲ್ಲಿ ಒಂದು.

ನಿನ್ನ ಮೊಮ್ಮಗಳು ನೂರು ವರ್ಷ ಬಾಳಲಿ. ಹಲ್ಲು ಬಂದ ಮೇಲೆ ತಿಳಿಸು, ಒಂದು ಡಬ್ಬ ಕ್ರೀಮ್ ಬಿಸ್ಕತ್ತು ತೆಗೆದುಕೊಂಡು ಇಬ್ಬರೂ ಬರುತ್ತೇವೆ. ಅವಳ ಹುಟ್ಟಿನ ಸುದ್ದಿಗೆ ಎರಡು ತಿಂಗಳು ಉತ್ತರ ಬರೆಯದೆ ಕೂತದ್ದು ಯಾಕೆಂದು ನಿನಗೆ ಗೊತ್ತಿತ್ತು, ಆದರೂ ಕೇಳಲಿಲ್ಲ. ನಿನಗೂ ನಿನ್ನ ಸೊಸೆಗೂ ಮಗುವಿಗೂ ಆಯುಸ್ಸು ಆರೋಗ್ಯ ಇರಲಿ. ಮನೆ ತುಂಬಿರಲಿ.

ಸದಾ ನಿನ್ನ,
ಕಡ್ಡಿ

ಮೇಲೆ ಬರೆಯಲು ಆಗದೆ ಉಳಿದದ್ದು: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದ್ದೇನೆ. ನಿನಗೆ ಹೇಳದಿದ್ದರೆ ಇನ್ನು ಯಾರಿಗೆ ಹೇಳಲಿ.

ಡಾಕ್ಟರು ಕೆಲಸ ಮುಗಿಸಿ ಹತ್ತಿ ತೆಗೆದಳು. ನಾನು ಬಾಯಿ ಮುಕ್ಕಳಿಸಿ ಕೂತೆ. ಅವಳು ಕೈತೊಳೆಯುತ್ತಾ ಮತ್ತೆ ಕೇಳಿದಳು, ಗಂಡಾ ಹೆಣ್ಣಾ ಮೇಡಂ, ಈಗ ಎಲ್ಲಿದ್ದಾರೆ ಅಂತ. ಈಗ ನನ್ನ ಬಾಯಲ್ಲಿ ಹತ್ತಿ ಇರಲಿಲ್ಲ. ಮಗ ಅಂದೆ. ದೂರದ ಊರಲ್ಲಿ ಶಾಲೆಯ ಮೇಷ್ಟರು, ಲೆಕ್ಕ ಹೇಳಿಕೊಡುತ್ತಾನೆ ಅಂದೆ. ಅವರಪ್ಪನ ಹಾಗೇ ಅಕ್ಷರ ಮುದ್ದಾಗಿದೆ, ಕ್ರೀಮ್ ಬಿಸ್ಕತ್ತು ಅಂದರೆ ಇವತ್ತಿಗೂ ಪ್ರಾಣ ಬಿಡುತ್ತಾನೆ ಅಂದೆ. ಒಂದಕ್ಕೂ ತಡವರಿಸಲಿಲ್ಲ ಗೂಬೆ. ಅವನ ಎತ್ತರ ಎಷ್ಟು ಎಂದು ಕೇಳಿದ್ದರೆ ಅದನ್ನೂ ಹೇಳುತ್ತಿದ್ದೆ. "ನೋಡಿ, ನಾನು ಇಟ್ಟಿದ್ದು ಸಾರ್ಥಕ ಆಯ್ತು" ಎಂದು ಅವಳು ನಕ್ಕಳು.

ಆಟ ಮುಗಿದ ಮೇಲೆ ಆಡಿದವರಿಗೆ ನಿಜ ಹೇಳಿ ಕಳಿಸಬೇಕು, ಅದು ನಮ್ಮ ಕಸುಬಿನ ಮೊದಲ ನಿಯಮ. ವರ್ಷದ ಕೊನೆಗೆ ಎಲ್ಲ ಮಕ್ಕಳಿಗೂ ಒಟ್ಟಿಗೆ ಹೇಳೋಣ ಎಂದುಕೊಂಡಿದ್ದೆವು, ಅಷ್ಟರಲ್ಲಿ ಅವಳು ಊರು ಬಿಟ್ಟಿದ್ದಳು. ಅವಳಿಗೆ ಹೇಳುವ ನಿಜ ಹಾಗೇ ಬಾಕಿ ಇದೆ. ಕೊರೆದ ಹಲ್ಲಿಗೆ ಕ್ಯಾಪ್ ಅನ್ನುವ ಟೋಪಿ ಕೂರಿಸಲು ಬರುವ ಗುರುವಾರ ಮತ್ತೆ ಕರೆದಿದ್ದಾಳೆ. ಅವತ್ತು ಹೇಳುತ್ತೇನೆ, ಹೇಳಿಯೇ ಹೇಳುತ್ತೇನೆ.

ಅಲ್ಲಿಯವರೆಗೆ ಈ ಊರಿನಲ್ಲಿ ಒಬ್ಬಳ ಮಟ್ಟಿಗಾದರೂ ಅವನು ಬಂದಿದ್ದಾನೆ, ಅವನ ಪಾಲು ಅವನಿಗೆ ಸಿಕ್ಕಿದೆ. ಗುರುವಾರದವರೆಗೆ ಇರಲಿ ಬಿಡೇ.